ಅಮೃತಮಹಲಿನ ಕಾವಲುಗಳೂ ಸೈನ್ಯದ ಭೂಮಿಯೂ

ಕಾವಲು ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಕಾಯುವ ಕೆಲಸವು ಒಂದು. ಹಾಗೆ ಕಾಯಲ್ಪಟ್ಟ ಹುಲ್ಲುನೆಲವು ಮತ್ತೊಂದು. ಮೈಸೂರು ಸೀಮೆಯ ಹಾಸನ, ಕಡೂರು, ತುಮಕೂರು, ಚಿತ್ರದುರ್ಗಗಳ ಬಯಲುಗಳಲ್ಲಿ ಊರಿನ ಹೆಸರಿನೊಡನೆ ಈ ಶಬ್ದವು ಕೂಡಿಕೊಂಡಿರುವುದನ್ನು ಕಂದಾಯದ ಲೆಕ್ಕಗಳಲ್ಲಿಯೂ ಜನರ ಮಾತಿನಲ್ಲಿಯೂ ಇಂದಿಗೂ ಕಾಣಬಹುದು: ಬಾಸೂರು ಕಾವಲು, ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರ ಕಾವಲು. ಇವೆಲ್ಲವೂ ಅಮೃತಮಹಲ್ ಎಂಬ ಸರ್ಕಾರಿ ಗೋಸಂಪತ್ತಿಗಾಗಿ ಮೀಸಲಾದ ನೆಲಗಳು. ಆ ಗೋಸಂಪತ್ತಾದರೋ ದಂಡಿನ ಫಿರಂಗಿಗಳನ್ನೂ ಸಾಮಾನುಗಳನ್ನೂ ಎಳೆಯುವುದಕ್ಕಾಗಿ ಬೆಳೆಸಲ್ಪಟ್ಟುದು. ಹೀಗಿರುವುದರಿಂದ ಹಸುಕರುಗಳು ಮೇಯುವ ಈ ಬಯಲುಗಳನ್ನು ಸೈನ್ಯದ ಭೂಮಿಯೆಂದು ಕರೆಯುವುದರಲ್ಲಿ ತಪ್ಪೇನೂ ಇಲ್ಲ.

ಒಂದೇ ನೆಲವು ದಂಡಿನ ಅಗತ್ಯವನ್ನೂ, ವನ್ಯಮೃಗಗಳ ವಾಸವನ್ನೂ, ಸುತ್ತಣ ಹಳ್ಳಿಗರ ಸಂಚಾರವನ್ನೂ ಮೇವನ್ನೂ ಒಟ್ಟಿಗೆ ಹೊರಬಲ್ಲುದೆ ಎಂಬ ಪ್ರಶ್ನೆಯು ಈಚೆಗೆ ಹಲವು ದೇಶಗಳಲ್ಲಿ ಚರ್ಚೆಗೆ ಬಂದಿದೆ. ಕನ್ನಡನಾಡಿಗೆ ಈ ಪ್ರಶ್ನೆ ಹೊಸತಲ್ಲ. ಕಾವಲುಗಳ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ, ಭೂಮಿಯ ಒಡೆತನವು ದಂಡಿನದೋ ಅಲ್ಲವೋ ಎಂಬುದಕ್ಕಿಂತ, ದಂಡಿಗೆ ಆ ಭೂಮಿಯಿಂದ ಬೇಕಾದುದೇನು ಎಂಬುದೇ ಮುಖ್ಯವೆಂದು ತಿಳಿದುಬರುತ್ತದೆ.

ಅಮೃತಮಹಲಿನ ಮೂಲವನ್ನು ಹದಿನಾರನೆಯ ಶತಮಾನದ ಕಡೆಯ ಭಾಗಕ್ಕೆ ಒಯ್ಯುವುದು ವಾಡಿಕೆ. ವಿಜಯನಗರದ ಪ್ರತಿನಿಧಿಯೊಬ್ಬನು ಹಳ್ಳಿಕಾರ್ ತಳಿಯ ದನಗಳನ್ನು ಶ್ರೀರಂಗಪಟ್ಟಣಕ್ಕೆ ತರಿಸಿದನೆಂದೂ, ಆ ಹಿಂಡಿಗೆ ಕರುಹಟ್ಟಿ ಎಂಬ ಹೆಸರಿದ್ದಿತೆಂದೂ ರೈಸ್ ಅವರ ಗೆಜೆಟಿಯರು ಹೇಳುತ್ತದೆ. ೧೬೧೦ರಲ್ಲಿ ಪಟ್ಟಣವು ಮೈಸೂರಿನ ಒಡೆಯರ ವಶವಾದ ಮೇಲೆ ಹಿಂಡೂ ಅವರದಾಯಿತು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು, ಚಿಕ್ಕದೇವರಾಜ ಒಡೆಯರು ಅದನ್ನು ಬೆಳೆಸಿ, ರಾಜ್ಯದ ಬೇರೆ ಬೇರೆ ಕಡೆಗಳಲ್ಲಿ ಕಾವಲುಗಳನ್ನು ಗೊತ್ತುಮಾಡಿದರು. ಚಿಕ್ಕದೇವರಾಜರ ಕಾಲದಲ್ಲಿ ಈ ಇಲಾಖೆಗೆ ಬೆಣ್ಣೆಚಾವಡಿ ಎಂಬ ಹೆಸರಾಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಆಗ ಅದರ ಕೆಲಸಗಳಲ್ಲೊಂದಾಗಿದ್ದಿತೆಂಬುದನ್ನು ಹೆಸರೇ ಸಾರುತ್ತದೆ.

ಬೆಣ್ಣೆಯ ಇಲಾಖೆಯನ್ನು ದಂಡಿನ ಇಲಾಖೆಯನ್ನಾಗಿ ಮಾರ್ಪಡಿಸಿದವನು ಹೈದರಾಲಿ. ದೊಡ್ಡ ಫಿರಂಗಿಗಳು ರಣರಂಗದ ಗತಿಯನ್ನು ನಿರ್ಣಯಿಸತೊಡಗಿದ್ದ ಕಾಲವದು. ಅವುಗಳನ್ನು ಕೆಸರಿನಲ್ಲಿಯೂ ಕಣಿವೆಯಲ್ಲಿಯೂ ಎಳೆದುಕೊಂಡು ಹೋಗಬಲ್ಲ ಎತ್ತುಗಳಿಲ್ಲದ ಸೇನೆಯು ನಿಂತಲ್ಲೇ ನಿಲ್ಲಬೇಕಾಗಿದ್ದಿತು. ೧೭೮೧ರಲ್ಲಿ ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನೆಂದೂ, ಸೋತ ಮೇಲೆಯೂ ಶತ್ರುವಿನ ಕಣ್ಣೆದುರಿನಲ್ಲೇ ತನ್ನ ಫಿರಂಗಿಗಳನ್ನು ಹಿಂದೆಗೆದುಕೊಂಡು ಹೋಗುತ್ತಿದ್ದನೆಂದೂ ಹೇಳುವ ವೃತ್ತಾಂತಗಳೆಲ್ಲವೂ ಈ ಎತ್ತುಗಳ ಹೊಗಳಿಕೆಯೇ ಆಗಿವೆ. ಟಿಪ್ಪು ಸುಲ್ತಾನನು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಹಾಗಲವಾಡಿಯ ದನಗಳನ್ನು ಸೇರಿಸಿ, ಸಾಕುವ ಕ್ರಮವನ್ನು ವಿಧಿಸುವ ಹುಕುಂನಾಮೆಯನ್ನು ಹೊರಡಿಸಿದನು. ೧೭೯೯ರಲ್ಲಿ ಅವನನ್ನು ಸೋಲಿಸಿದವರು ಆ ಹುಕುಂನಾಮೆಯನ್ನು ಬದಲಿಸಲು ಹೋಗದೆ ತಾವೂ ಅದರಂತೆಯೇ ನಡೆದರೆಂಬುದು ಅದರ ಯೋಗ್ಯತೆಗೆ ಸಾಕಾದ ಪ್ರಮಾಣ. ಮುಂದೆ ಡ್ಯೂಕ್ ಆಫ್ ವೆಲಿಂಗ್‌ಟನ್ ಎಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯು ದಕ್ಷಿಣದ ತನ್ನ ದಂಡಯಾತ್ರೆಗಳಲ್ಲಿ ಈ ಎತ್ತುಗಳನ್ನೇ ನೆಚ್ಚಿಕೊಂಡಿದ್ದನು.

ಇಂಥ ಎತ್ತು ಕೊಟ್ಟಿಗೆಯಲ್ಲಿ ಹುಟ್ಟುವುದಲ್ಲ. ಅಮೃತಮಹಲಿನ ದನಗಳು ಹಗಲಿರುಳೂ ಬಯಲಿನಲ್ಲಿಯೇ ಇದ್ದು, ಮಳೆ ಬಿಸಿಲುಗಳನ್ನು ಮೈಮೇಲೆ ತಾಳಿ, ಮೇವನ್ನು ತಾವೇ ಅರಸಿಕೊಂಡು, ಕರುಗಳನ್ನು ತೋಳದಿಂದ ತಾವೇ ಕಾಪಾಡಿಕೊಳ್ಳುತ್ತಿದ್ದುವು. ಅರೆಕಾಡಿನ ಆ ಸ್ವಭಾವವೇ ಅವುಗಳ ಬಲಕ್ಕೂ ಹಟಕ್ಕೂ ಕಾರಣ. ಹೋರಿಗರುಗಳು ಬೆಳೆದ ಮೇಲೆ ಅವನ್ನು ಹಿಂಡಿನಿಂದ ಬೇರ್ಪಡಿಸಿ, ಹುಣಸೂರಿನ ಶಿಕ್ಷಣಕೇಂದ್ರದಲ್ಲಿ ನೊಗಕ್ಕೆ ಪಳಗಿಸಿ, ಆಮೇಲೆ ದಂಡಿಗೆ ಕಳುಹಿಸುತ್ತಿದ್ದರು. ಸೈನ್ಯದ ಭೂಮಿಯಲ್ಲಿ ನಡೆಯುವ ಶಿಕ್ಷಣವೆಂದರೆ ಈಗಿನವರ ಮನಸ್ಸಿಗೆ ಸಿಪಾಯಿಗಳ ಕವಾಯತು ಹೊಳೆಯುವುದು. ಕಾವಲುಗಳಲ್ಲಿ ಸಿದ್ಧವಾಗುತ್ತಿದ್ದ ಯೋಧನಿಗೆ ನಾಲ್ಕು ಕಾಲುಗಳಿದ್ದುವು.

ಹಿಂಡಿಗೆ ವರ್ಷವಿಡೀ ಮೇವು ದೊರೆಯುವಂತೆ ಕಾವಲುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಮಳೆಗಾಲದವು, ಚಳಿಗಾಲದವು, ಬೇಸಗೆಯವು. ಮಳೆ ಬಿದ್ದೊಡನೆ ಚಿಗುರುವ ಮರವಿಲ್ಲದ ಬಯಲುಗಳು ಮೊದಲನೆಯವು. ಎತ್ತರವಾಗಿ ಬೆಳೆದ ಹುಲ್ಲು ಒಣಗಿದ ಮೇಲೆಯೂ ನಿಲ್ಲುವ ವಿಶಾಲ ನೆಲಗಳು ಎರಡನೆಯವು. ಕೆರೆಯಂಗಳದ ಹಸುರೂ ನೀರೂ ಮರದ ನೆರಳೂ ಇರುವ ಸ್ಥಳಗಳು ಮೂರನೆಯವು. ಇವು ಅತ್ಯಂತ ವಿರಳವಾಗಿದ್ದುದರಿಂದ ಅತ್ಯಂತ ಬೆಲೆಯುಳ್ಳವೂ ಆಗಿದ್ದುವು. ಹಿಂಡು ಒಂದರಿಂದ ಇನ್ನೊಂದಕ್ಕೆ ಋತುವನ್ನನುಸರಿಸಿ ನಡೆಯುತ್ತಿತ್ತು. ಇದರ ಫಲವೇನೆಂದರೆ, ಪ್ರತಿಯೊಂದು ಕಾವಲೂ ವರ್ಷದಲ್ಲಿ ಕೆಲವು ತಿಂಗಳು ಮೇಯಲ್ಪಟ್ಟು, ಉಳಿದ ತಿಂಗಳು ವಿಶ್ರಾಂತಿ ಪಡೆಯುತ್ತಿತ್ತು. ಹುಲ್ಲು ತೆನೆಗಟ್ಟಿ ಬೀಜ ಚೆಲ್ಲುವುದಕ್ಕೆ ಆ ವಿಶ್ರಾಂತಿಯೇ ಅವಕಾಶ. ವರ್ಷಕ್ಕೆ ಇಪ್ಪತ್ತು ಅಂಗುಲಕ್ಕೂ ಕಡಿಮೆ ಮಳೆ ಬೀಳುವ ಚಳ್ಳಕೆರೆಯಂಥ ಸೀಮೆಯಲ್ಲಿ ಅದು ತಪ್ಪಿದರೆ ಎರಡು ಮೂರು ವರ್ಷಗಳಲ್ಲಿ ನೆಲ ಬರಿದಾಗಿ ಕಲ್ಲು ಮೇಲೇಳುವುದು.

ಇಲ್ಲಿಯೇ ವನ್ಯಮೃಗಗಳ ಮಾತು ಬರುತ್ತದೆ. ಕೃಷ್ಣಮೃಗವು ಕಾಡಿನ ಪ್ರಾಣಿಯಲ್ಲ. ದೂರದಿಂದ ಶತ್ರುವನ್ನು ಕಂಡು ಓಟದಿಂದ ತಪ್ಪಿಸಿಕೊಳ್ಳುವ ಅದಕ್ಕೆ ಕಣ್ಣಿಗೆ ಅಡ್ಡವಿಲ್ಲದ ಬಯಲು ಬೇಕು. ಅದನ್ನು ಬೆನ್ನಟ್ಟುವ ತೋಳಕ್ಕೂ ಅದೇ ಬಯಲು. ಎರ್ಲಡ್ಡು ಅಥವಾ ದೊರವಾಯನ ಹಕ್ಕಿ ಎಂದು ಕರೆಯಲ್ಪಡುವ ದೊಡ್ಡ ಹಕ್ಕಿಯು ಮರದ ಮೇಲೆ ಗೂಡು ಕಟ್ಟದೆ, ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಕಾವು ಕೊಡುವುದು. ಒಂದು ಮೊಟ್ಟೆಯು ಒಂದು ದನದ ಗೊರಸಿಗೋ ಒಂದು ನಾಯಿಯ ಬಾಯಿಗೋ ಸಿಕ್ಕಿದರೆ ಆ ವರ್ಷದ ಸಂತಾನವೇ ಹೋದಂತೆ. ಇಂಥ ಹಕ್ಕಿಯು ಸರದಿಯಂತೆ ಮೇಯಿಸಿ ಸರದಿಯಂತೆ ಬಿಡುವ ವಿಶಾಲವಾದ ನೆಲದಲ್ಲಲ್ಲದೆ ಬೇರೆಲ್ಲಿಯೂ ನಿಶ್ಚಿಂತೆಯಿಂದಿರಲಾರದು. ಮೈಸೂರಿನ ಅರಸರಾಗಲಿ ಮದರಾಸಿನ ಕಮಿಸೇರಿಯಟ್ ಅಧಿಕಾರಿಗಳಾಗಲಿ ಈ ಹಕ್ಕಿಯನ್ನು ಕಾಪಾಡಬೇಕೆಂದು ಎಣಿಸಿದವರಲ್ಲ. ಕಂಡರೆ ಹೊಡೆಯುವವರೇ ಹೆಚ್ಚು. ಹುಲ್ಲನ್ನು ಕಾಯುವುದರಲ್ಲಿ ಅವರಿಗರಿಯದೆಯೇ ಅದೂ ಕಾಯಲ್ಪಟ್ಟಿತು.

ಹಳ್ಳಿಗರ ಸ್ಥಿತಿಯನ್ನು ಇಷ್ಟು ಸುಲಭವಾಗಿ ಹೇಳಲಾಗದು. ಕಾವಲುಗಳು ಊರೊಟ್ಟಿನ ಗೋಮಾಳಗಳಂತೆ ಎಲ್ಲರಿಗೂ ತೆರೆದಿದ್ದುವೆಂದು ಈಚಿನ ಕೆಲವು ಬರಹಗಳಲ್ಲಿ ಕಾಣುವ ಚಿತ್ರವು ಅತಿಶಯೋಕ್ತಿಯೇ ಸರಿ. ಅವು ಮೀಸಲು ನೆಲಗಳು. ಸರ್ಕಾರಿ ಹಿಂಡಿನ ಮೇವಿಗೆ ಬಾಯಿಹಾಕಿದ ರೈತನ ದನವನ್ನು ಹೊರಗಟ್ಟುವುದಕ್ಕೇ ಕಾವಲುಗಾರನಿದ್ದುದು. ಆದರೂ ನಾಲ್ಕು ಲಕ್ಷ ಎಕರೆಗೂ ಮೇಲ್ಪಟ್ಟು ಹರಡಿದ್ದ ನೆಲವನ್ನು ಬೇಲಿಯಿಲ್ಲದೆ ಕಾಯುವಾಗ, ಸುತ್ತಣ ಜನರೊಡನೆ ಏನಾದರೊಂದು ಒಪ್ಪಂದವಿಲ್ಲದೆ ನಡೆಯದು. ಅಡ್ಡದಾರಿಯಾಗಿ ಹೋಗುವುದು, ಸೌದೆ ಆಯುವುದು, ಸರ್ಕಾರಿ ಹಿಂಡು ಬೇರೆಡೆಗೆ ಹೋದ ಮೇಲೆ ಕುರಿ ಮೇಯಿಸುವುದು, ಇಂಥವು ಕಾಲಕ್ರಮದಲ್ಲಿ ವಾಡಿಕೆಗಳಾದುವು. ಚಳ್ಳಕೆರೆ ಸೀಮೆಯ ಕುರುಬರ ಕಂಬಳಿಯ ನೇಯ್ಗೆಯು ಈ ವಾಡಿಕೆಯ ಮೇಲೆ ನಿಂತ ಉದ್ಯಮ. ಮ್ಯಾಸಬೇಡರು ಕಿಲಾರಿಗಳ ಕೈಯಲ್ಲಿ ಸಾಕುವ ದೇವರ ದನಗಳ ಹಿಂಡುಗಳಿಗೂ ಮೇವು ಈ ಬಯಲುಗಳಲ್ಲಿಯೇ ದೊರೆಯುತ್ತಿತ್ತು. ದಂಡಿನ ಎತ್ತು, ದೇವರ ಎತ್ತು, ಕುರುಬರ ಕುರಿ, ಕೃಷ್ಣಮೃಗ ಇವೆಲ್ಲವೂ ಒಂದೇ ಹುಲ್ಲನ್ನು ಬೇರೆ ಬೇರೆ ಕಾಲಗಳಲ್ಲಿ ತಿಂದುವೆಂದರೆ ಸಲ್ಲುವುದು. ಆದರೆ ವಾಡಿಕೆಯು ವಾಡಿಕೆಯಾಗಿಯೇ ಉಳಿಯಿತು. ಯಾವ ದಾಖಲೆಯಲ್ಲಿಯೂ ಹಕ್ಕಾಗಿ ಏರಲಿಲ್ಲ. ಇದರ ಪರಿಣಾಮವು ಕಂಡುಬಂದುದು ಬಹುಕಾಲದ ಮೇಲೆ.

ಇಲಾಖೆಯ ಮೇಲ್ವಿಚಾರಣೆ ಸಡಿಲವಾದಾಗಲೆಲ್ಲ ಹಿಂಡು ಕ್ಷೀಣಿಸಿತು. ೧೭೯೯ರ ಬಳಿಕ ಕೆಲವು ವರ್ಷಗಳಲ್ಲಿ ಅದು ಕೀಳ್ಮಟ್ಟಕ್ಕಿಳಿದುದರಿಂದ ೧೮೧೩ರಲ್ಲಿ ಮದರಾಸ್ ಕಮಿಸೇರಿಯಟ್ಟಿನ ಕ್ಯಾಪ್ಟನ್ ಹಾರ್ವಿಯು ಅದನ್ನು ವಹಿಸಿಕೊಂಡು ಸುಸ್ಥಿತಿಗೆ ತರಬೇಕಾಯಿತು. ೧೮೬೦ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ನೆಪದಲ್ಲಿ ಇಲಾಖೆಯನ್ನೇ ಎತ್ತಿಹಾಕಿ ದನಗಳನ್ನು ಮಾರಿಸಿದನು. ಉಳಿತಾಯವು ಕಾಗದದ ಮೇಲೆ ಮಾತ್ರ ಉಳಿಯಿತು. ಅಂಥ ಎತ್ತುಗಳು ಹಣ ಕೊಟ್ಟರೂ ಸಿಕ್ಕದೆ ಹೋದುದರಿಂದ ಆ ದಶಕ ಮುಗಿಯುವುದರೊಳಗೆ ಇಲಾಖೆಯನ್ನು ಮತ್ತೆ ಸ್ಥಾಪಿಸಬೇಕಾಯಿತು. ೧೮೮೨ರಲ್ಲಿ ಅದು ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತು.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಗಾಡಿಯು ಎತ್ತಿನ ಸ್ಥಾನವನ್ನು ಹಿಡಿದುದೇ ಕಾವಲುಗಳಿಗೆ ಬಂದ ನಿಜವಾದ ಆಪತ್ತು. ದಂಡಿಗೆ ಬೇಡವಾದ ಹುಲ್ಲನ್ನು ಕಾಯುವವರು ಯಾರು? ಅಮೃತಮಹಲ್ ತಳಿಯು ಅಜ್ಜಂಪುರದ ತಳಿಸಂವರ್ಧನ ಕೇಂದ್ರದಲ್ಲಿಯೂ ಅದರ ಉಪಕೇಂದ್ರಗಳಲ್ಲಿಯೂ ಉಳಿಯಿತಾದರೂ, ಅದಕ್ಕೆ ಹಿಂದಿನಷ್ಟು ನೆಲ ಬೇಕೆಂದು ವಾದಿಸುವ ಬಲವು ಪಶುಸಂಗೋಪನ ಇಲಾಖೆಗಿರಲಿಲ್ಲ. ಆಹಾರ ಬೆಳೆಯುವುದಕ್ಕೆಂದು ಒಂದಿಷ್ಟು, ಭೂಹೀನರಿಗೆ ಹಂಚಲೆಂದು ಒಂದಿಷ್ಟು, ನೆಡುತೋಪುಗಳಿಗೆಂದು ಮತ್ತಷ್ಟು ಕೈಬಿಟ್ಟು, ಈಗ ಉಳಿದಿರುವುದು ಹಿಂದಿನ ವಿಸ್ತೀರ್ಣದ ಐದನೆಯ ಒಂದು ಪಾಲಿಗೂ ಕಡಿಮೆ. ಭೂಹೀನರಿಗೆ ನೆಲ ದೊರೆತುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಹುಲ್ಲುಬಯಲನ್ನು ಪಾಳುಭೂಮಿಯೆಂದೆಣಿಸಿ ಅಲ್ಲಿ ನೀಲಗಿರಿ ಮರಗಳನ್ನು ನೆಟ್ಟುದು ಉಪಕಾರದ ಹೆಸರಿನಲ್ಲಿ ನಡೆದ ಅಪಕಾರವೆನ್ನಬೇಕಾಗುತ್ತದೆ. ರಾಣೆಬೆನ್ನೂರಿನ ನಿದರ್ಶನವು ಇದಕ್ಕೆ ಸಾಕು. ಅಲ್ಲಿ ೧೯೭೪ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವು ಘೋಷಿತವಾಯಿತು; ಆದರೆ ಬಯಲಿನ ಬಹುಭಾಗವನ್ನು ನೆಡುತೋಪು ಆವರಿಸಿತು. ಹಿಂದೆ ಅಲ್ಲಿ ಕಾಣುತ್ತಿದ್ದ ಎರ್ಲಡ್ಡು ಈಗ ಇಲ್ಲ.

ಬೇರೆ ದೇಶವೊಂದರಲ್ಲಿ ಇದೇ ಪ್ರಶ್ನೆಗೆ ದೊರೆತ ಉತ್ತರವನ್ನು ಇಲ್ಲಿ ಹೋಲಿಸಿ ನೋಡುವುದು ಉಪಯುಕ್ತ. ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಸ್ಯಾಲಿಸ್‌ಬರಿ ಬಯಲನ್ನು ಅಲ್ಲಿನ ಯುದ್ಧಖಾತೆಯು ೧೮೯೭ರಿಂದ ಮೊದಲುಗೊಂಡು ಕೊಳ್ಳುತ್ತ ಬಂದಿತು. ಈಗ ಸುಮಾರು ೩೮,೦೦೦ ಹೆಕ್ಟೇರುಗಳಷ್ಟು ನೆಲವು ಸೈನ್ಯದ ಶಿಕ್ಷಣಕ್ಕೆ ಮೀಸಲಾಗಿದೆ. ಅಲ್ಲಿ ಟ್ಯಾಂಕುಗಳು ಓಡುತ್ತವೆ, ಗುಂಡುಗಳು ಹಾರುತ್ತವೆ. ಹೀಗಿದ್ದೂ ವಾಯವ್ಯ ಯೂರೋಪಿನಲ್ಲಿ ಸುಣ್ಣದಕಲ್ಲಿನ ನೆಲದ ಹುಲ್ಲುಗಾವಲು ಇಷ್ಟು ವಿಶಾಲವಾಗಿ ಉಳಿದಿರುವುದು ಅಲ್ಲಿಯೇ. ಕಾರಣವು ಸರಳ: ಸುತ್ತಣ ನೆಲವೆಲ್ಲ ನೇಗಿಲಿಗೂ ರಾಸಾಯನಿಕ ಗೊಬ್ಬರಕ್ಕೂ ಸಿಕ್ಕಿದಾಗ ಸೈನ್ಯದ ನೆಲ ಮಾತ್ರ ಸಿಕ್ಕಲಿಲ್ಲ. ಟ್ಯಾಂಕಿನ ಗಾಲಿಪಟ್ಟಿಗಳು ತೋಡಿದ ಹಳ್ಳಗಳಲ್ಲಿ ನಿಂತ ಮಳೆನೀರಿನಲ್ಲಿ ಅಪರೂಪವಾದ ಒಂದು ಬಗೆಯ ಸಿಗಡಿ ಹುಳುವು ಸಂತಾನ ಬೆಳೆಸುತ್ತದೆಂಬುದು ವಿಚಿತ್ರವಾದರೂ ನಿಜ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದಿಂದಲೇ ಅಳಿದುಹೋಗಿದ್ದ, ಎರ್ಲಡ್ಡುವಿನ ಬಂಧುವಾದ ದೊಡ್ಡ ಹಕ್ಕಿಯನ್ನು ೨೦೦೪ರಿಂದ ರಷ್ಯದಿಂದ ಮರಿಗಳನ್ನು ತರಿಸಿ ಬಿಟ್ಟುದು ಆ ಬಯಲಿನಲ್ಲಿಯೇ. ಬಯಲಿನ ಒಂದು ಭಾಗವನ್ನು ರೈತರಿಗೆ ಮೇಯಿಸಲು ಗುತ್ತಿಗೆ ಕೊಡುತ್ತಾರೆ. ಗುಂಡು ಹಾರಿಸುವ ದಿನಗಳಲ್ಲಿ ಕೆಂಪು ಬಾವುಟವೇರಿಸಿ ದಾರಿ ಮುಚ್ಚುತ್ತಾರೆ. ಬಾವುಟವಿಳಿದಾಗ ಹಲವು ದಾರಿಗಳಲ್ಲಿ ಜನರು ನಡೆದಾಡಬಹುದು.

ಇದನ್ನು ಓದಿ ಆ ಏರ್ಪಾಡೆಲ್ಲವೂ ಸುಖಕರವೆಂದು ತಿಳಿಯತಕ್ಕದ್ದಲ್ಲ. ೧೯೪೩ರ ಡಿಸೆಂಬರಿನಲ್ಲಿ ಆ ಬಯಲಿನ ನಡುವಣ ಇಂಬರ್ ಎಂಬ ಹಳ್ಳಿಯ ಜನರನ್ನು ಯುದ್ಧಶಿಕ್ಷಣಕ್ಕಾಗಿ ಎಬ್ಬಿಸಿದರು. ಯುದ್ಧ ಮುಗಿದ ಮೇಲೆ ಹಿಂತಿರುಗಬಹುದೆಂದು ಅವರು ನಂಬಿದ್ದರು, ಅದು ನಡೆಯಲಿಲ್ಲ. ವರ್ಷದಲ್ಲಿ ಗೊತ್ತಾದ ಕೆಲವು ದಿನ ಮಾತ್ರ ಆ ಊರಿನ ದಾರಿಯೂ ಚರ್ಚೂ ತೆರೆದಿರುತ್ತವೆ. ಹಕ್ಕಿಗೆ ದೊರೆತ ನೆಲೆಯು ಊರಿಗೆ ದೊರೆಯಲಿಲ್ಲ. ರಾಜಸ್ಥಾನದ ಪೋಖರಣದಲ್ಲಿಯೂ ಸೈನ್ಯದ ಗುಂಡಿನ ಬಯಲು ಎರ್ಲಡ್ಡುವಿಗೆ ಉಳಿದಿರುವ ಕೆಲವೇ ಆಶ್ರಯಗಳಲ್ಲೊಂದು. ಅಲ್ಲಿಯೂ ಅದಕ್ಕೆ ಕಾರಣ ಜನಸಂಚಾರವಿಲ್ಲದಿರುವುದೇ.

ಹೀಗಿರಲು ಚಳ್ಳಕೆರೆಯ ಕಡೆಗೆ ತಿರುಗಿ ನೋಡಬಹುದು. ೨೦೦೮ರ ನಂತರದ ಕೆಲವು ವರ್ಷಗಳಲ್ಲಿ ಅಲ್ಲಿನ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಿಂದ ಸಾವಿರಾರು ಎಕರೆಗಳನ್ನು ಸರ್ಕಾರವು ದೊಡ್ಡ ಸಂಸ್ಥೆಗಳಿಗೆ ಒಪ್ಪಿಸಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ೪,೨೯೦ ಎಕರೆ, ಭಾಭಾ ಅಣುಸಂಶೋಧನ ಕೇಂದ್ರಕ್ಕೆ ೧,೮೧೦, ಭಾರತೀಯ ವಿಜ್ಞಾನ ಸಂಸ್ಥೆಗೆ ೧,೫೦೦, ಬಾಹ್ಯಾಕಾಶ ಸಂಶೋಧನ ಸಂಸ್ಥೆಗೆ ೫೭೩. ಎತ್ತಿನ ದಂಡು ಬಿಟ್ಟುಹೋದ ನೆಲಕ್ಕೆ ಹೀಗೆ ಹೊಸ ದಂಡು ಬಂದಿತು. ಜೊತೆಗೆ ಗೋಡೆಯೂ ಬಂದಿತು. ಕುರಿಯವರು, ಕಂಬಳಿ ನೇಯುವವರು, ದೇವರ ದನದ ಕಿಲಾರಿಗಳು ಎದ್ದು ಪ್ರತಿಭಟಿಸಿದರು. ವ್ಯಾಜ್ಯವು ರಾಷ್ಟ್ರೀಯ ಹಸುರು ನ್ಯಾಯಮಂಡಲಿಯವರೆಗೆ ಹೋಯಿತು. ೨೦೧೪ರ ಆಗಸ್ಟಿನಲ್ಲಿ ಬಂದ ತೀರ್ಪು ಯೋಜನೆಗಳನ್ನು ನಿಲ್ಲಿಸಲಿಲ್ಲ. ಪಹಣಿಯಲ್ಲಿ ನೆಲವು ಸರ್ಕಾರದ್ದು. ವಾಡಿಕೆಗೆ ಪಹಣಿಯಲ್ಲಿ ಅಂಕಣವಿಲ್ಲ.

ರಕ್ಷಣಾ ಸಂಸ್ಥೆಯ ವಿಮಾನಪರೀಕ್ಷಾ ಕ್ಷೇತ್ರವು ೨೦೧೭ರ ಮೇ ತಿಂಗಳಿನಲ್ಲಿ ವಿಧ್ಯುಕ್ತವಾಗಿ ಆರಂಭವಾಯಿತು. ಚಾಲಕರಹಿತ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ೨೦೨೩ರ ಏಪ್ರಿಲ್ ೨ರಂದು ಬಾಹ್ಯಾಕಾಶ ಸಂಸ್ಥೆಯವರು ಮತ್ತೆ ಮತ್ತೆ ಬಳಸಬಹುದಾದ ರಾಕೆಟ್ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನಾಗಿಯೇ ಬಂದು ಇಳಿಯುವಂತೆ ಮಾಡಿದುದೂ ಅದೇ ಓಡುದಾರಿಯ ಮೇಲೆ. ಈ ಕೆಲಸಗಳ ಮಹತ್ತ್ವವನ್ನು ಅಲ್ಲಗಳೆಯಲಾಗದು. ಬೇರೆ ಕಡೆ ಇಷ್ಟು ಬಿಡುವಾದ ನೆಲ ದೊರೆಯುವುದು ಕಷ್ಟವೆಂಬುದೂ ದಿಟ. ಆದರೆ ನಾಲ್ಕು ಸಂಸ್ಥೆಗಳಿಗೂ ನೆಲದಿಂದ ಬೇಕಾದುದು ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಅಣುವಸ್ತುವಿನ ಕಾರ್ಖಾನೆಗೆ ಗೋಡೆ ಅನಿವಾರ್ಯ. ಅದರೊಳಗೆ ಕುರಿ ಬಿಡಿರೆಂದು ಕೇಳುವುದು ಹುಚ್ಚುತನ. ವಿಮಾನಪರೀಕ್ಷೆಗೆ ಬೇಕಾದುದು ಓಡುದಾರಿ, ಕೆಲವು ಕಟ್ಟಡಗಳು, ಮತ್ತು ಅವುಗಳ ಸುತ್ತ ಮರವೂ ಮನೆಯೂ ಇಲ್ಲದ ತೆರಪು. ಆ ತೆರಪೆಂಬುದು ಹಿಂದಿನ ಮಳೆಗಾಲದ ಕಾವಲಿನ ವರ್ಣನೆಯೇ ಆಗಿದೆ. ಓಡುದಾರಿಗೆ ಮಾತ್ರ ಭದ್ರವಾದ ಬೇಲಿ ಹಾಕಿ, ಹಾರಾಟವಿಲ್ಲದ ದಿನಗಳಲ್ಲಿ ಹೊರವಲಯದ ಹುಲ್ಲನ್ನು ಸರದಿಯಂತೆ ಮೇಯಿಸುವುದಕ್ಕೋ, ಅದು ಅಪಾಯವೆಂದಾದರೆ ಕೊಯ್ದು ಹೊರೆಕಟ್ಟಿ ಒಯ್ಯುವುದಕ್ಕೋ ಹಳ್ಳಿಗರಿಗೆ ಲಿಖಿತವಾದ ಅನುಮತಿ ಕೊಟ್ಟರೆ, ಪರೀಕ್ಷೆಗೆ ಕುಂದೇನೂ ಬರಲಾರದು. ಕೊಯ್ಯದೆ ಮೇಯಿಸದೆ ಬಿಟ್ಟ ಹುಲ್ಲು ಬೇಸಗೆಯಲ್ಲಿ ಬೆಂಕಿಗೆ ತುತ್ತಾಗುವುದು, ಇಲ್ಲವೆ ಜಾಲಿಯ ಪೊದೆಗೆ ಎಡೆಗೊಡುವುದು; ಅದು ವಿಮಾನಕ್ಕೂ ಹಿತವಲ್ಲ, ಕೃಷ್ಣಮೃಗಕ್ಕೂ ಹಿತವಲ್ಲ.

ಇದಕ್ಕೆ ಒಂದು ಆಕ್ಷೇಪಣೆಯುಂಟು. ಗೋಡೆಯ ಹೊರಗೆ ಉಳಿದ ಕಾವಲುಗಳಲ್ಲಿ ಕಾಯುವವರಿಲ್ಲದೆ ಎಲ್ಲರೂ ಎಲ್ಲ ಕಾಲಗಳಲ್ಲಿಯೂ ಮೇಯಿಸುವುದರಿಂದ ನೆಲವು ಸವೆಯುತ್ತಿದೆ. ಗೋಡೆಯ ಒಳಗಿನ ನೆಲವಾದರೂ ಹಾಗಾಗದಿರಲಿ ಎಂದು ಹೇಳುವವರಿದ್ದಾರೆ. ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹೊರಗಿನ ನೆಲ ಬೇಗ ಸವೆಯುವುದಕ್ಕೆ ಒಳಗಿನ ನೆಲ ಮುಚ್ಚಿಹೋದುದೂ ಕಾರಣವಷ್ಟೆ. ಹಿಂದೆ ಎರಡರ ಮೇಲೆ ಹರಡುತ್ತಿದ್ದ ಕುರಿಗಳು ಈಗ ಒಂದರ ಮೇಲೆಯೇ ನಿಂತಿವೆ. ಹುಕುಂನಾಮೆಯ ಕಾಲದ ಕಾವಲುಗಾರನು ಒರಟನಾಗಿದ್ದಿರಬಹುದು, ಆದರೆ ಯಾವ ಹುಲ್ಲು ಯಾವ ತಿಂಗಳು ಯಾರದು ಎಂಬುದನ್ನು ಅವನು ಬಲ್ಲವನಾಗಿದ್ದನು. ಗೋಡೆಗೆ ಆ ತಿಳಿವಳಿಕೆಯಿಲ್ಲ.

ಕಡೂರು ಸೀಮೆಯ ಬಾಸೂರಿನಲ್ಲಿ ಅಮೃತಮಹಲಿನ ದನಗಳು ಮೇಯುವ ಕಾವಲನ್ನು ೨೦೧೧ರಲ್ಲಿ ಕೃಷ್ಣಮೃಗಗಳ ಸಂರಕ್ಷಣೆಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಳೆಯ ತಳಿಯೂ ಹಳೆಯ ಮೃಗವೂ ಅಲ್ಲಿ ಒಂದೇ ಬಯಲಿನಲ್ಲಿವೆ. ಆ ಬಯಲಿನ ವಿಸ್ತೀರ್ಣವು ಚಳ್ಳಕೆರೆಯಲ್ಲಿ ಆ ನಾಲ್ಕು ಸಂಸ್ಥೆಗಳಿಗೆ ಹಂಚಿಹೋದುದರ ನಾಲ್ಕನೆಯ ಒಂದು ಪಾಲಿಗೂ ಕಡಿಮೆ.